ಎಣ್ಣೆಗೆಂಪು ಮುಖ, ಹಳೆಯ ಡಿ750, ಒಂದು ಕರಿ ಕಂಬಳಿ

ಹೋದ ಮದುವೆ ಸೀಸನ್‌ನಲ್ಲಿ ನಾನು ಒಂದೇ ಒಂದು ಮುಖವನ್ನೂ ಫೋಟೋಶಾಪ್‌ನಲ್ಲಿ ಬೆಳ್ಳಗೆ ಮಾಡಿಲ್ಲ. ಆಲ್ಬಂ ಒಂದೂ ವಾಪಸ್ ಬಂದಿಲ್ಲ. ಗಂಗಾವತಿಯಲ್ಲಿ ಸ್ಟುಡಿಯೋ ಇಟ್ಟುಕೊಂಡವರಿಗೆ ಇದು ಎಂಥ ಮಾತು ಅಂತ ಗೊತ್ತಾಗುತ್ತೆ. "ಬೆಳ್ಳಗ ಮಾಡಲಿಲ್ಲಂದ್ರ ಗಿರಾಕಿ ಬಾಕಿ ರೊಕ್ಕ ಕೊಡಂಗಿಲ್ಲ, ನೋಡ್ಕೋ" ಎಂದವರೆಲ್ಲ ಈ ಕೆಲಸದಲ್ಲಿ ನನಗಿಂತ ಹಿರಿಯರು. ನನಗೆ ಕೆಲಸ ಕಲಿಸಿದವರೂ ಅದರಲ್ಲಿದ್ದಾರೆ. ಅವರು ಓದಲಿ ಅಂತಲೇ ಬರೆಯುತ್ತಿದ್ದೇನೆ. ರಾ ಅಂದರೇನು, ಅಪರ್ಚರ್ ಅಂದರೇನು ಅಂತೆಲ್ಲ ಇಲ್ಲಿ ಹೇಳಲ್ಲ.

ನಮ್ಮ ಕಡೆ ಜಾಸ್ತಿ ಮಂದಿಯದು ಎಣ್ಣೆಗೆಂಪು, ಇಲ್ಲಾ ಎಣ್ಣೆಗಪ್ಪು. ಆ ಕಪ್ಪಿನ ಒಳಗೆ ಒಂದು ಕೆಂಪು ಇರುತ್ತೆ. ಫೋಟೋದಲ್ಲಿ ಆ ಕೆಂಪು ಉಳಿಯಿತೋ, ಮುಖಕ್ಕೆ ಕಳೆ. ಹೋಯಿತೋ, ಬೂದಿ ಬಳಿದಂತೆ. "ನಾನು ಕರ್ರಗ ಬಂದೀನಿ" ಅಂತ ಗಿರಾಕಿ ಬೇಜಾರು ಮಾಡಿಕೊಳ್ಳುವುದು ಕಪ್ಪಿಗೆ ಅಲ್ಲ, ಈ ಬೂದಿಗೆ. ಇಷ್ಟು ತಿಳಿಯೋಕೆ ನನಗೆ ಕೆಲವು ವರ್ಷ ಮತ್ತು ಸಾಕಷ್ಟು ದುಡ್ಡು ಹಿಡಿಯಿತು.

ಮೊದಲು ಎಲ್ಲರೂ ಕೊಟ್ಟ ಸಲಹೆ ಒಂದೇ. ನಿಕಾನ್ ಬಿಡು, ಕ್ಯಾನನ್ ತಗೋ, ಸ್ಕಿನ್ ಟೋನ್ ತಾನಾಗೇ ಬರುತ್ತೆ. ನನ್ನದು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ750 ಕ್ಯಾಮೆರಾ. ಐವತ್ತು ಸಾವಿರದ ಆಸುಪಾಸಿನಲ್ಲಿ ಸಿಕ್ಕಿತ್ತು. ಮಾಡೆಲ್ 2014ರದ್ದು. ಹೊಸಪೇಟೆಯ ಗೆಳೆಯನ ಕ್ಯಾನನ್ 6ಡಿ ಮತ್ತು ಅವನ 85 ಎಂಎಂ ಲೆನ್ಸ್ ಇಸಿದುಕೊಂಡು ಬಂದೆ. ಒಂದೇ ಮಂಟಪ, ಒಂದೇ ಮದುಮಗಳು, ಎರಡೂ ಕ್ಯಾಮೆರಾ ಪಕ್ಕಪಕ್ಕ. ಕ್ಯಾಮೆರಾ ತಾನೇ ತಯಾರಿಸುವ ಜೆಪೆಗ್‌ನಲ್ಲಿ ಕ್ಯಾನನ್ ಸ್ವಲ್ಪ ಗುಲಾಬಿ ಅನ್ನೋದು ನಿಜ. ಆದರೆ ಮಂಟಪದ ಎಲ್‌ಇಡಿ ಫ್ಲಡ್‌ಲೈಟ್ ಕೆಳಗೆ ಎರಡರಲ್ಲೂ ಮುಖ ಬೂದಿಯೇ. ಲಕ್ಷ ಖರ್ಚು ಮಾಡಿ ಗುಲಾಬಿ ಬೂದಿ ತಗೋಬೇಕಾ? ಗೆಳೆಯನಿಗೆ ಕ್ಯಾಮೆರಾ ವಾಪಸ್ ಕೊಟ್ಟೆ.

ಆಮೇಲೆ ಲೆನ್ಸ್ ಹುಚ್ಚು. 85 ಎಂಎಂ 1.4 ತಗೊಂಡರೆ ಬಣ್ಣ ಬದಲಾಗುತ್ತೆ ಅಂದರು. ನನ್ನ ಹತ್ತಿರ 85 1.8ಜಿ ಇತ್ತು, 50 ಇತ್ತು. ಸುಮ್ನೆ ಚಟಕ್ಕೆ ಅಂತ ಐದು ಸಾವಿರದೊಳಗೆ ರಷ್ಯಾದ ಹಳೆಯ ಹೀಲಿಯೋಸ್ 44-2 ಕೂಡ ತರಿಸಿದೆ. ಮಧ್ಯಾಹ್ನ ನನ್ನ ಅಳಿಯನನ್ನು ಅಂಗಡಿಯ ನೆರಳಲ್ಲಿ ಕೂರಿಸಿ, ಪ್ರತಿ ಲೆನ್ಸಿಗೂ ಗ್ರೇ ಕಾರ್ಡ್ (ಬೂದು ಬಣ್ಣದ ರಟ್ಟು) ಹಿಡಿದು ಬೇರೆ ಬೇರೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಹೊಂದಿಸೋದು) ಮಾಡಿ ತೆಗೆದೆ. ಹೀಲಿಯೋಸ್ ಬರಿಗಣ್ಣಿಗೇ ಹಳದಿ. ವೈಟ್ ಬ್ಯಾಲೆನ್ಸ್ ಆದ ಮೇಲೆ ಮೂರರಲ್ಲೂ ಕೆನ್ನೆ ಬಣ್ಣ ಹೆಚ್ಚುಕಡಿಮೆ ಒಂದೇ. ಕಾಂಟ್ರಾಸ್ಟ್ ಬೇರೆ, ಹಿಂದಿನ ಮಬ್ಬು ಬೇರೆ, ಬಣ್ಣ ಅಲ್ಲ. ಅಂದಹಾಗೆ ಹೀಲಿಯೋಸ್ ತಗೊಳ್ಳುವ ನಿಕಾನ್‌ನವರೇ, ಕೇಳಿ. ಹೀಲಿಯೋಸ್ ಥರದ ತಿರುಪಿನ ಎಂ42 ಲೆನ್ಸ್ ಸೆನ್ಸರ್‌ನಿಂದ 45.46 ಎಂಎಂ ದೂರದಲ್ಲಿ ಕೂರಬೇಕು, ನಿಕಾನ್ ಮೌಂಟ್ 46.5. ಗಾಜಿಲ್ಲದ ಅಡಾಪ್ಟರ್ ಹಾಕಿದರೆ ದೂರದ್ದು ಯಾವುದೂ ಫೋಕಸ್ ಆಗಲ್ಲ. ಐದಾರು ಅಡಿ ಒಳಗೆ ಕೂತವರ ಮುಖ ಮಾತ್ರ. ನನಗೆ ಅಷ್ಟು ಸಾಕಿತ್ತು, ಇವತ್ತಿಗೂ ಚಿಕ್ಕ ಮಕ್ಕಳ ಫೋಟೋ ಅದರಲ್ಲೇ ತೆಗೀತೀನಿ.

ತಂಟೆ ಇದ್ದದ್ದು ಬೆಳಕಿನಲ್ಲಿ. ಅಗ್ಗದ ಎಲ್‌ಇಡಿಯಲ್ಲಿ ಗಾಢ ಕೆಂಪು ಬಹಳ ಕಡಿಮೆ. ಬೆಳಕು ಬಣ್ಣವನ್ನು ಎಷ್ಟು ಸರಿ ತೋರಿಸುತ್ತೆ ಅನ್ನೋದರ ಅಂಕ ಸಿಆರ್‌ಐ. ಡಬ್ಬದ ಮೇಲೆ ಸಿಆರ್‌ಐ 80 ಅಂತ ಬರೆದಿರುತ್ತೆ. ಆ ಲೆಕ್ಕಕ್ಕೆ ತಗೊಳ್ಳುವುದು ಎಂಟು ತಿಳಿ ಬಣ್ಣ ಮಾತ್ರ. ಗಾಢ ಕೆಂಪಿನದು ಆರ್9, ಅದು ಆ 80ರಲ್ಲಿ ಸೇರಿಯೇ ಇಲ್ಲ. ನಮ್ಮವರ ಚರ್ಮಕ್ಕೆ ಬೇಕಾದ್ದೇ ಅದು. ಬೆಳಕಿನಲ್ಲೇ ಇಲ್ಲದ ಕೆಂಪು ಕಂಪ್ಯೂಟರ್‌ನಲ್ಲಿ ಎಲ್ಲಿಂದ ಬರಬೇಕು? ಎಲ್‌ಇಡಿಗೆ ಅಂತಲೇ ಬೇರೆ ಪ್ರೊಫೈಲ್, ಅಂದರೆ ಆ ಬೆಳಕಿಗೆ ತಕ್ಕಂತೆ ಬಣ್ಣ ತಿದ್ದುವ ಲೆಕ್ಕ, ಮಾಡಿ ನೋಡಿದೆ. ತುಟಿ ಕೆಂಪಾಯಿತು, ಕೆನ್ನೆಯಲ್ಲಿ ಕಲೆ ಕಲೆ ಎದ್ದಿತು. ಅಳಿಸಿ ಹಾಕಿದೆ.

ಹಾಗಾಗಿ ಮಂಟಪದಲ್ಲಿ ಮುಖಕ್ಕೆ ಫ್ಲ್ಯಾಶೇ ಮುಖ್ಯ ಬೆಳಕು. ಎಲ್‌ಇಡಿ ಹಿನ್ನೆಲೆಗೆ ಮಾತ್ರ, ಅದೂ ಫ್ಲ್ಯಾಶ್‌ಗಿಂತ ಸುಮಾರು ಎರಡು ಸ್ಟಾಪ್ ಕೆಳಗೆ, ಅಂದರೆ ಕಾಲು ಪಾಲು ಬೆಳಕು. ನಾನು ಹೆಚ್ಚಾಗಿ ಐಎಸ್‌ಓ 400, ಎಫ್4, 1/100ರಲ್ಲಿ ಇರುತ್ತೇನೆ. 1/100 ಯಾಕೆಂದರೆ ನಮ್ಮ ಕರೆಂಟು 50 ಹರ್ಟ್ಸ್, ಲೈಟು ಸೆಕೆಂಡಿಗೆ ನೂರು ಸಲ ಮಿಣುಕುತ್ತೆ. ಅದಕ್ಕಿಂತ ಶಟರ್ ಜೋರು ಮಾಡಿದರೆ ಗೋಡೆ ಮೇಲೆ ಪಟ್ಟೆ ಬೀಳುತ್ತೆ. ಫ್ಲ್ಯಾಶನ್ನು ಛಾವಣಿಗೆ ಬೌನ್ಸ್ ಮಾಡೋದು ಬಿಟ್ಟೆ. ನಮ್ಮ ಮಂಟಪಗಳ ಪಿಓಪಿಗೆ ಗುಲಾಬಿ, ಗಿಳಿಹಸಿರು, ಬಂಗಾರ ಏನೇನೋ ಬಳಿದಿರುತ್ತಾರೆ, ಅದೆಲ್ಲ ಹಣೆ ಮೇಲೆ ಇಳಿಯುತ್ತೆ. ಅದರ ಬದಲು ಫ್ಲ್ಯಾಶ್ ಬೆಳಕು ಹರಡೋಕೆ ಆರೇಳು ನೂರರ ಬಿಳಿ ಛತ್ರಿ, ಅದನ್ನು ಹಿಡಿಯೋಕೆ ಒಬ್ಬ ಹುಡುಗ. ಅಲಂಕಾರದ ತುಂಬ ಹಳದಿ ಬಲ್ಬ್ ಇದ್ದಾಗ ಮಾತ್ರ ಫ್ಲ್ಯಾಶಿಗೆ ಸಿಟಿಒ ಜೆಲ್, ಅಂದರೆ ಕಿತ್ತಳೆ ಬಣ್ಣದ ತೆಳು ಹಾಳೆ. ಛತ್ರಿಯ ಒಳಗೆ ಇನ್ನೊಂದು ಪದರ ಬಟ್ಟೆ ಕಟ್ಟುತ್ತೇನೆ. ಅದು ಯಾವ ಬಟ್ಟೆ ಅಂತ ಹೇಳಲ್ಲ. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತೆ, ಹುಡುಕಿಕೊಳ್ಳಿ.

ವೈಟ್ ಬ್ಯಾಲೆನ್ಸ್‌ಗೆ ಬಹಳ ಮಂದಿ ಮದುಮಗನ ಪಂಚೆಗೆ ಗುರಿ ಇಡುತ್ತಾರೆ. ಬಿಳಿ ಇದೆಯಲ್ಲ ಅಂತ. ಆ ಪಂಚೆ ನೀಲಿ ಹಾಕಿ ಒಗೆದದ್ದು! ಹೊಸದಾದರೆ ಮಿಲ್‌ನಲ್ಲೇ ಹೊಳಪಿನ ಔಷಧಿ ಕುಡಿಸಿರುತ್ತಾರೆ, ಫ್ಲ್ಯಾಶ್ ಬಿದ್ದರೆ ನೀಲಿಯಾಗಿ ಮಿನುಗುತ್ತೆ. ಕ್ಯಾಮೆರಾ ಆ ನೀಲಿ ಕಳೆಯೋಕೆ ಹೋಗಿ ಮುಖಕ್ಕೆಲ್ಲ ಹಳದಿ ಹಚ್ಚುತ್ತೆ. ನಿಕಾನ್‌ನಲ್ಲಿ ಮುಖ ಹಳದಿ ಬರುತ್ತೆ ಅನ್ನೋ ದೂರಿನಲ್ಲಿ ಅರ್ಧ ಪಂಚೆಯದ್ದು ಅಂತ ನನ್ನ ಅನುಮಾನ. ಝೆರಾಕ್ಸ್ ಹಾಳೆಯದ್ದೂ ಇದೇ ಕಥೆ. ಮುನ್ನೂರು ರೂಪಾಯಿಯ ಗ್ರೇ ಕಾರ್ಡ್ ತಗೊಳ್ಳಿ, ಮೂಗಿನ ಮುಂದೆ ಹಿಡಿಯಿರಿ, ಪ್ರೀಸೆಟ್ ಮಾಡಿ. ಅರಿಶಿನದ ಶಾಸ್ತ್ರದ ದಿನ ಮುಖ ನೋಡಿ ಬಣ್ಣ ಸರಿ ಮಾಡೋಕೆ ಹೋಗಲೇಬೇಡಿ. ಅರಿಶಿನಕ್ಕೆ ನೀಲಿ ಬೆಳಕು ಬಿದ್ದರೆ ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತೆ. ಅವತ್ತು ಕಾರ್ಡೇ ಗತಿ.

ಒಂಬತ್ತು ಸಾವಿರದ ಸುಮಾರಿಗೆ ಕಲರ್‌ಚೆಕರ್ ತಗೊಂಡಾಗ ಮನೆಯಲ್ಲಿ ಬೈಸಿಕೊಂಡೆ. ಅಂಗೈಯಗಲದ ಪ್ಲಾಸ್ಟಿಕ್ಕಿಗೆ ಅಷ್ಟು ದುಡ್ಡಾ ಅಂತ. 1976ರಲ್ಲಿ ಬಂದ ಚಾರ್ಟ್ ಅದು, 24 ಚೌಕ. ಮೊದಲನೇ ಚೌಕವೇ ಕಪ್ಪು ಚರ್ಮದ್ದು, ಎರಡನೆಯದು ಬಿಳಿ ಚರ್ಮದ್ದು. ಬಯಲಿನ ನೆರಳಿಗೊಂದು, ನನ್ನ ಛತ್ರಿ ಫ್ಲ್ಯಾಶಿಗೊಂದು ಪ್ರೊಫೈಲ್ ಮಾಡಿಕೊಂಡಿದ್ದೇನೆ. ಲೈಟ್‌ರೂಮ್‌ನಲ್ಲಿ ಅದರದ್ದೇ ಅಡೋಬ್ ಸ್ಟ್ಯಾಂಡರ್ಡ್ ಪ್ರೊಫೈಲ್ ತೆಗೆದು ಅದನ್ನು ಹಾಕಿದ ಕೂಡಲೇ ಕೆನ್ನೆಯ ಕೆಂಪು ವಾಪಸ್ ಬರುತ್ತೆ. ಅದರ ಮೇಲೆ ಕಿತ್ತಳೆಯ ಹ್ಯೂ (ಬಣ್ಣದ ಛಾಯೆ) ಒಂಚೂರು ಸರಿಸುತ್ತೇನೆ. ಯಾವ ಕಡೆ, ಎಷ್ಟು ಅಂತ ಕೇಳಬೇಡಿ. ನನ್ನ ಹೊಟ್ಟೆಪಾಡು ಅದರಲ್ಲಿದೆ. ಕಿನ್ನಾಳದ ಗೊಂಬೆಯೊಂದನ್ನು ಸ್ಟುಡಿಯೋದಲ್ಲಿ ಇಟ್ಟು, ಅದರ ಕೆಂಪು ಹಳದಿ ಸರಿ ಬಂದವಾ ಅಂತ ನೋಡುವ ಆಟವನ್ನೂ ಆಡಿದ್ದೇನೆ. ಗೊಂಬೆ ಚೆನ್ನಾಗಿ ಬಂತು, ಮನುಷ್ಯರ ಮುಖಕ್ಕೆ ಅದರಿಂದ ಏನೂ ಉಪಯೋಗ ಆಗಲಿಲ್ಲ.

ಎಕ್ಸ್‌ಪೋಷರ್ ಒಂದು ಮಾತು. ಕಪ್ಪು ಮುಖ ಅಂತ ಜಾಸ್ತಿ ಏರಿಸಿದರೆ ಮೊದಲು ಸಾಯೋದು ಕೆಂಪು ಸೀರೆ. ಬಿಳಿ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿ ಇದ್ದರೂ ರೆಡ್ ಚಾನೆಲ್ ಗೋಡೆಗೆ ಹೊಡೆದಿರುತ್ತೆ, ಅಂದರೆ ಕೆಂಪು ಮಿತಿ ಮೀರಿರುತ್ತೆ, ಸೀರೆಯ ನೆರಿಗೆ ಮಾಯ. ಆರ್‌ಜಿಬಿ ಹಿಸ್ಟೋಗ್ರಾಂ ಹಾಕಿಕೊಳ್ಳಿ. ಕ್ಯಾಮೆರಾದ ಬಣ್ಣದ ಸೆಟ್ಟಿಂಗ್ ಆದ ಪಿಕ್ಚರ್ ಕಂಟ್ರೋಲ್ ನ್ಯೂಟ್ರಲ್‌ನಲ್ಲಿಡಿ, ಆ ಹಿಸ್ಟೋಗ್ರಾಂ ಬರೋದು ಜೆಪೆಗ್‌ನಿಂದ.

ಈಗ ಕಂಬಳಿ. ಪ್ರೀ ವೆಡ್ಡಿಂಗ್ ಅಂದರೆ ಇಲ್ಲಿ ಆನೆಗೊಂದಿ, ಸಾಣಾಪುರದ ಬಂಡೆಗಳು, ಇಲ್ಲಾ ಭತ್ತದ ಗದ್ದೆ. ಬಂಡೆ ತಂಟೆ ಮಾಡಲ್ಲ, ಸಂಜೆ ಅದೇ ಬೆಚ್ಚನೆಯ ಬೆಳಕು ಎಸೆಯುತ್ತೆ. ಗದ್ದೆ ಹಾಗಲ್ಲ. ಬದುವಿನ ಮೇಲೆ ನಿಂತವರ ಗದ್ದದ ಕೆಳಗೆ, ಕುತ್ತಿಗೆಗೆ, ಮೂಗಿನ ತಳಕ್ಕೆ ಹಸಿರು ಬಡಿಯುತ್ತೆ. ಗ್ರೇ ಕಾರ್ಡ್ ಇದಕ್ಕೆ ಮದ್ದಲ್ಲ, ಹಸಿರು ಕೆಳಗಿನಿಂದ ಮಾತ್ರ ಬರೋದು. ಬಿಳಿ ರಿಫ್ಲೆಕ್ಟರ್ ಕೆಳಗೆ ಹಿಡಿದೆ, ಕಣ್ಣು ಮುಚ್ಚಿಕೊಂಡರು. ಬಂಗಾರದ್ದು ಹಿಡಿದೆ, ಗದ್ದ ಪಿತ್ತಳೆ ಆಯಿತು. ಕೊನೆಗೆ ಕುರಿಗಾರರ ಕರಿ ಕಂಬಳಿ ತಂದು ಅವರ ಕಾಲ ಮುಂದೆ ಹಾಸಿದೆ. ಹಸಿರು ಅಲ್ಲೇ ನಿಂತಿತು. ಒಂದೂವರೆ ಸಾವಿರದ ಕಂಬಳಿ. ಇದನ್ನು ನಾನೇ ಕಂಡುಹಿಡಿದೆ ಅಂತ ಎದೆ ತಟ್ಟಿ ಹೇಳ್ತೀನಿ. ಈಗ ಊರಲ್ಲಿ ಇನ್ನಿಬ್ಬರು ಕಂಬಳಿ ಕೊಂಡಿದ್ದಾರೆ.

ಇಷ್ಟೆಲ್ಲ ಮಾಡಿದರೂ ಪ್ರಿಂಟ್ ಕೆಡುತ್ತಿತ್ತು. ಒಂದು ಲ್ಯಾಬ್‌ಗೆ ಅಡೋಬ್ ಆರ್‌ಜಿಬಿ (ಹೆಚ್ಚು ಬಣ್ಣ ಹಿಡಿಯುವ ಬಗೆ) ಫೈಲ್ ಕಳಿಸಿದಾಗ ಎಲ್ಲರೂ ಕಾಯಿಲೆಯಿಂದ ಎದ್ದವರ ಹಾಗೆ ಬಂದರು. ಸಾಮಾನ್ಯ ಬಗೆಯ ಎಸ್‌ಆರ್‌ಜಿಬಿ ಕಳಿಸಿದಾಗ ಮುಖಗಳೆಲ್ಲ ತಾನಾಗೇ ಬೆಳ್ಳಗಾಗಿದ್ದವು, ಅವರ ಮಷಿನ್‌ನಲ್ಲಿ ಆಟೋ ಕರೆಕ್ಷನ್ ಆನ್ ಇತ್ತು. ಎಂಟು ಸಾವಿರದ ಮೇಲೆ ಹೋಯಿತು. ಈ ಚಟ ಹಳೆಯದು. ಫಿಲ್ಮ್ ಕಾಲದಲ್ಲಿ ಅಮೆರಿಕದ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಶರ್ಲಿ ಕಾರ್ಡ್ ಅಂತ ಕೊಡುತ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಣ್ಣುಮಗಳ ಫೋಟೋ, ಅವಳ ಬಣ್ಣ ಸರಿ ಬಂದರೆ ಮಷಿನ್ ಸರಿ. "ಕರೆಕ್ಷನ್ ಆಫ್ ಮಾಡ್ರಿ" ಅಂದರೆ ಲ್ಯಾಬ್ ಹುಡುಗ "ಅಣ್ಣಾ, ಮಾರಿ ಕರ್ರಗ ಬರ್ತಾವ, ಆಮ್ಯಾಲ ನನಗ ಬೈಬ್ಯಾಡ್ರಿ" ಅಂದ. ಬರಲಿ ಬಿಡು ಅಂದೆ. ಮಾನಿಟರ್ ಬ್ರೈಟ್‌ನೆಸ್ ಕೂಡ ಇಳಿಸಿದೆ, 110 ಕ್ಯಾಂಡೆಲಾ ಹತ್ತಿರ. ಮಾನಿಟರ್ ಬಣ್ಣ ಅಳೆದು ಸರಿ ಮಾಡುವ ಕ್ಯಾಲಿಬ್ರೇಟರ್ ಸೆಕೆಂಡ್ ಹ್ಯಾಂಡ್, ಏಳೆಂಟು ಸಾವಿರ.

ಗಿರಾಕಿ ಒಪ್ಪಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಕಾರಟಗಿ ಕಡೆಯ ಒಂದು ಮನೆಗೆ ಎರಡು ಪ್ರಿಂಟ್ ಒಯ್ದೆ. ಒಂದು ಎಡಿಟರ್ ಬೆಳ್ಳಗೆ ಮಾಡಿದ್ದು, ಒಂದು ನನ್ನದು. ಮೆಹಂದಿ ಹಾಕಿದ ಎರಡೂ ಕೈ ಮುಖದ ಪಕ್ಕ ಹಿಡಿದ ಫೋಟೋ. ಹುಡುಗಿಯ ತಾಯಿ ಬಿಳಿ ಪ್ರಿಂಟನ್ನು ಕನ್ನಡಕ ಹಾಕಿಕೊಂಡು ನೋಡಿದರು. "ಮಾರಿ ಒಬ್ಬಾಕಿದು, ಕೈ ಒಬ್ಬಾಕಿದು ಆಗೈತಲ್ರಿ" ಅಂದರು. ಎಡಿಟರ್‌ಗಳು ಕೈ ಮರೆಯುತ್ತಾರೆ, ಯಾವಾಗಲೂ. ಅಂದಿನಿಂದ ಹೊಸ ಗಿರಾಕಿಗೆ ಮೊದಲು ಈ ಜೋಡಿ ತೋರಿಸುತ್ತೇನೆ, ರೇಟ್ ಆಮೇಲೆ. ಬೆಳ್ಳಗೆ ಮಾಡಿಸೋಕೆ ಆಲ್ಬಂಗೆ ಎರಡೂವರೆ, ಮೂರು ಸಾವಿರ ಎಡಿಟರ್‌ಗೆ ಹೋಗುತ್ತಿತ್ತು. ಅದು ಈಗ ನನ್ನ ಜೇಬಲ್ಲೇ ಇದೆ. ಕಾರ್ಡು, ಛತ್ರಿ, ಕಂಬಳಿ, ಕ್ಯಾಲಿಬ್ರೇಟರ್ ಎಲ್ಲ ಸೇರಿ ಇಪ್ಪತ್ತು ಸಾವಿರ ಆಗಿರಬೇಕು. ಒಂದೇ ಸೀಸನ್‌ನಲ್ಲಿ ದುಡ್ಡು ಹುಟ್ಟಿತು.

ಸದ್ಯ ಲೆನ್ಸಿಗೆ ಪೋಲರೈಸರ್ ಹಾಕಿ ಬೆವರಿನ ಹೊಳಪು ಇಳಿಸುವ ಪ್ರಯೋಗ ನಡೀತಿದೆ. ಹೊಳಪು ಇಳಿದರೆ ಚರ್ಮದ ಬಣ್ಣ ಗಾಢವಾಗಿ ಬರುತ್ತೆ, ಆದರೆ ಒಂದೂವರೆ ಎರಡು ಸ್ಟಾಪ್ ಬೆಳಕು ತಿನ್ನುತ್ತೆ, ಪೂರ್ತಿ ತೆಗೆದರೆ ಮುಖ ಚಪ್ಪಟೆ. ಬೇಸಿಗೆ ಮದುವೆಗಳಲ್ಲಿ ಇನ್ನೊಂದಷ್ಟು ನೋಡಬೇಕು. ಇನ್ನು ಮೆರವಣಿಗೆಯ ಡಿಜೆ ಲೈಟ್. ನೇರಳೆ ಎಲ್‌ಇಡಿ ಮುಖದ ಮೇಲೆ ಬಿದ್ದರೆ ಯಾವ ಪ್ರೊಫೈಲೂ, ಯಾವ ಕಾರ್ಡೂ ನಡೆಯಲ್ಲ. ಅವನ್ನೆಲ್ಲ ಬ್ಲ್ಯಾಕ್ ಅಂಡ್ ವೈಟ್ ಮಾಡಿ ಆಲ್ಬಂನ ಕೊನೆಯ ನಾಲ್ಕು ಪುಟಕ್ಕೆ ಹಾಕುತ್ತೇನೆ. ಕುಣಿಯೋ ಹುಡುಗರಿಗೆ ಅದೇ ಇಷ್ಟ.