ಅಪ್ಪನ ಕ್ಯಾಸೆಟ್ಟುಗಳ ಬಯಲಾಟ ಜಗುಲಿಯ ಟಿವಿಗೆ ಬಂದ ಬಗೆ

ನಮ್ಮೂರ ಗದ್ದೆಗಳಲ್ಲಿ ನಡೆದ ಯಕ್ಷಗಾನ ಬಯಲಾಟಗಳನ್ನು ಅಪ್ಪ ವಿಡಿಯೊ ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದರು. 1996ರಿಂದ ಏಳು ವರ್ಷ, ಒಟ್ಟು ಹನ್ನೊಂದು ಕ್ಯಾಸೆಟ್. ಈ ಮಳೆಗಾಲದಲ್ಲಿ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದೆ. ಅಮ್ಮ ಒಳಕೋಣೆಯ ಮರದ ಕುರ್ಚಿಯಲ್ಲಿ ಹತ್ತು ನಿಮಿಷ ಕೂತು ನೋಡಿದರು. "ಸೊಂಟ ಹಿಡಿಯಿತು. ಜಗುಲಿಯ ಟಿವಿಯಲ್ಲಿ ಕಾಣುವ ಹಾಗೆ ಮಾಡಿಕೊಡು ಮಾರಾಯ" ಎಂದರು. ಹಾಗೆ ಮಾಡುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಹಳೆಯ ಮದುವೆ, ಉಪನಯನ, ಆಟಗಳ ವಿಡಿಯೊ ಇಟ್ಟುಕೊಂಡವರಿಗೆ ಉಪಯೋಗವಾದೀತು.

ಕೇಬಲ್ ತರಲು ಅಂಗಡಿಗೆ ಹೋಗುವ ಮೊದಲು ಟಿವಿಯ ಬೆನ್ನು, ಕಂಪ್ಯೂಟರಿನ ಬೆನ್ನು ಎರಡನ್ನೂ ಟಾರ್ಚ್ ಹಿಡಿದು ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಚಪ್ಪಟೆಯಾಗಿ, ಕೆಳಗಿನ ಎರಡು ಮೂಲೆ ಸವರಿದಂತೆ ಇರುವ ತೂತು ಎಚ್‌ಡಿಎಂಐ. ಎರಡೂ ಕಡೆ ಅದು ಇದ್ದರೆ ಒಂದೇ ಕೇಬಲ್ ಸಾಕು, ಚಿತ್ರ, ಧ್ವನಿ ಎರಡೂ ಅದರಲ್ಲೇ ಹೋಗುತ್ತವೆ. ಹಳೆಯ ಕಂಪ್ಯೂಟರಿನಲ್ಲಿ ಮೂರು ಸಾಲಿನಲ್ಲಿ ಹದಿನೈದು ತೂತುಗಳಿರುವ ವಿಜಿಎ ಮಾತ್ರ ಇರುತ್ತದೆ. ಅದರಲ್ಲಿ ಧ್ವನಿ ಹೋಗುವುದಿಲ್ಲ. ಅಕ್ಕನ ಮನೆಯ ಕಂಪ್ಯೂಟರ್ ಅಂಥದು. ಅದಕ್ಕೆ ಬೇಕಾದದ್ದು ವಿಜಿಎಯಿಂದ ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್. ಅಂಗಡಿಯವರು ಕೊಟ್ಟದ್ದು ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವಂಥದು. ನೋಡಲು ಎರಡೂ ಒಂದೇ ತರಹ, ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಯಾವುದರಿಂದ ಯಾವುದಕ್ಕೆ ಎಂದು ಬಾಯಿಬಿಟ್ಟು ಕೇಳಿಯೇ ತನ್ನಿ.

ಡೆಸ್ಕ್‌ಟಾಪಿನಲ್ಲಿ ಚಿತ್ರ ಮೂಡಿಸಲೆಂದೇ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಹಿಂಭಾಗದಲ್ಲಿ ಎರಡು ಕಡೆ ಎಚ್‌ಡಿಎಂಐ ಕಾಣಬಹುದು. ಕೇಬಲ್ ಚುಚ್ಚಬೇಕಾದದ್ದು ಕಾರ್ಡಿನದಕ್ಕೆ, ಸಾಮಾನ್ಯವಾಗಿ ಕೆಳಗಿರುವುದು ಅದು. ಮೇಲಿನದಕ್ಕೆ ಚುಚ್ಚಿ "ಟಿವಿ ಕೆಟ್ಟಿದೆ" ಎಂದು ಕೈಬಿಟ್ಟವರನ್ನು ನೋಡಿದ್ದೇನೆ.

ಕೇಬಲ್ಲಿನ ಉದ್ದವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ನಮ್ಮಲ್ಲಿ ಕೋಣೆಗೂ ಟಿವಿಗೂ ನಡುವೆ ಒಂದೇ ಗೋಡೆ, ನೇರ ಅಳೆದರೆ ಮೂರು ಮೀಟರ್. ಬಾಗಿಲ ದಾರಂದದ ಮೇಲಿಂದ ಬಳಸಿ ಹಗ್ಗ ಹಿಡಿದು ಅಳೆದಾಗ ಏಳೂವರೆ ಆಯಿತು. ಹತ್ತು ಮೀಟರಿನದು ತಂದೆ. ಸಾಧಾರಣ ಫುಲ್ ಎಚ್‌ಡಿ ಚಿತ್ರಕ್ಕೆ ಒಳ್ಳೆಯ ಕೇಬಲ್ ಅಷ್ಟು ದೂರ ತಡೆಯುತ್ತದೆ. 4ಕೆ ಟಿವಿಯಲ್ಲಿ 4ಕೆ ಚಿತ್ರವೇ ಬೇಕೆಂದರೆ ಉದ್ದ ಹೆಚ್ಚಿದಂತೆ ಚಿತ್ರ ಮಿನುಗುವುದು, ನಡುನಡುವೆ ಹೋಗುವುದು ಶುರುವಾಗುತ್ತದೆ.

ಜೋಡಿಸುವಾಗ ಟಿವಿ, ಕಂಪ್ಯೂಟರ್ ಎರಡರ ಪ್ಲಗ್ಗನ್ನೂ ಕಿತ್ತಿಡಿ, ಟಿವಿಗೆ ಬಂದಿರುವ ಡಿಶ್ ಅಥವಾ ಕೇಬಲ್ ವೈರನ್ನೂ ಬಿಚ್ಚಿ. ಹಳೆಯ ಮನೆಗಳಲ್ಲಿ ಅರ್ತಿಂಗ್ ಸರಿ ಇರುವುದಿಲ್ಲ. ಒಂದು ಉಪಕರಣದ ಮೈಯಲ್ಲಿ ಸೋರುವ ವಿದ್ಯುತ್ತು ಎಚ್‌ಡಿಎಂಐ ಕೇಬಲ್ಲಿನ ಮೂಲಕ ಇನ್ನೊಂದಕ್ಕೆ ಹಾರಿದರೆ ಪೋರ್ಟ್ ಸುಟ್ಟುಹೋಗಬಹುದು.

ಆಮೇಲೆ ಟಿವಿ ಹಚ್ಚಿ, ರಿಮೋಟಿನ ಸೋರ್ಸ್ ಗುಂಡಿಯಿಂದ ನೀವು ಚುಚ್ಚಿದ ಸಂಖ್ಯೆಯ ಎಚ್‌ಡಿಎಂಐ ಆರಿಸಿ. ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಜೊತೆ 'ಪಿ' ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ. ಎರಡೂ ಪರದೆಯಲ್ಲಿ ಒಂದೇ ಚಿತ್ರ ತೋರಿಸುವ ಆಯ್ಕೆಯನ್ನು ಎಲ್ಲರೂ ಒತ್ತುತ್ತಾರೆ. ನಾನು ಎರಡನೆಯ ಪರದೆ ಮಾತ್ರ ಎಂಬುದನ್ನೇ ಹೇಳುತ್ತೇನೆ. ಇಲ್ಲದಿದ್ದರೆ ಹಳೆಯ ಮಾನಿಟರಿನ ಅಳತೆಗೆ ಟಿವಿಯ ಚಿತ್ರವೂ ಕುಗ್ಗಿ ಮಸುಕಾಗುತ್ತದೆ. ಧ್ವನಿ ಬಾರದಿದ್ದರೆ ಕೆಳಗಿನ ಮೂಲೆಯ ಸ್ಪೀಕರ್ ಗುರುತು ಒತ್ತಿ, ಪಟ್ಟಿಯಲ್ಲಿ ಟಿವಿಯ ಹೆಸರನ್ನು ಆರಿಸಿ.

ಇಷ್ಟಕ್ಕೆ ಚಿತ್ರ ಬಂತು. ಆದರೆ ಅಮ್ಮನಿಗೆ ಸಮಾಧಾನವಾಗಲಿಲ್ಲ, ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಮೊದಲನೆಯದು, ವೇಷಗಳೆಲ್ಲ ಊದಿಕೊಂಡಿದ್ದವು. ಅಪ್ಪನ ಕ್ಯಾಮೆರಾದ ಚಿತ್ರ ನಾಲ್ಕಕ್ಕೆ ಮೂರರ ಅಳತೆಯದು, ಟಿವಿ ಹದಿನಾರಕ್ಕೆ ಒಂಬತ್ತು. ಅಗಲಕ್ಕೆ ಎಳೆದಾಗ ಕೇದಗೆ ಮುಂದಲೆ ಎಂಬ ತಲೆಯುಡುಗೆ ಹರಿವಾಣದಂತೆ ಕಾಣುತ್ತಿತ್ತು. ವಿಡಿಯೊ ನೋಡಲು ನಾನು ಬಳಸುವ ತಂತ್ರಾಂಶ ವಿಎಲ್‌ಸಿ ಪ್ಲೇಯರ್. ಅದರಲ್ಲಿ 'ಎ' ಕೀ ಒತ್ತುತ್ತ ಹೋದರೆ ಅಳತೆ ಬದಲಾಗುತ್ತದೆ, 4:3 ಬಂದಾಗ ನಿಲ್ಲಿಸಿ. ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ, ಉಳಿಯಲಿ. ಕಿರೀಟದ ತುದಿಯೂ ಕತ್ತರಿಸಿಹೋಗಿತ್ತು. ಅದು ಟಿವಿಯದೇ ಹಳೆಯ ಅಭ್ಯಾಸ, ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಮರೆಮಾಡುತ್ತದೆ. ಟಿವಿಯ ಪಿಕ್ಚರ್ ಸೈಜ್ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಎಂದಿದ್ದರೆ ಅದನ್ನು ಆರಿಸಿ.

ಎರಡನೆಯದು, ದಿಗಿಣ ಹಾಕುವಾಗ, ಅಂದರೆ ಸುತ್ತುತ್ತ ಹಾರಿ ಕುಣಿಯುವಾಗ, ವೇಷದ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು. ಆ ಕಾಲದ ವಿಡಿಯೊದಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದು ಚಿತ್ರವೂ ಎರಡು ಪಾಲು. ಬೆಸ ಸಾಲುಗಳು ಒಂದು ಕ್ಷಣದವು, ಸಮ ಸಾಲುಗಳು ಅದರ ಮರುಕ್ಷಣದವು. ನಿಂತ ವೇಷದಲ್ಲಿ ಗೊತ್ತಾಗುವುದಿಲ್ಲ, ಸುತ್ತುವಾಗ ಎರಡು ಪಾಲೂ ಬಿಟ್ಟುಕೊಳ್ಳುತ್ತವೆ. ವಿಎಲ್‌ಸಿಯಲ್ಲಿ 'ಡಿ' ಒತ್ತಿದರೆ ಗೆರೆಗಳು ಮಾಯ. ಚಲನೆ ಆಗಲೂ ಕುಂಟುವಂತೆ ಕಂಡರೆ ವಿಂಡೋಸಿನ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ರಿಫ್ರೆಶ್ ರೇಟನ್ನು, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದನ್ನು, 60ರಿಂದ 50ಕ್ಕೆ ಇಳಿಸಿ. 25 ಎಂಬುದು 50ರಲ್ಲಿ ಸರಿಯಾಗಿ ಕೂರುತ್ತದೆ, 60ರಲ್ಲಿ ಕೂರುವುದಿಲ್ಲ.

ಮೂರನೆಯದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಟಿವಿಯ ಸ್ಪೀಕರಿನಲ್ಲಿ ಚಂಡೆ ತಗಡು ಬಡಿದಂತೆ ಕೇಳುತ್ತದೆಂದು ನಾನು ಕಂಪ್ಯೂಟರಿನ ಹಸಿರು ತೂತಿನಿಂದ ಉದ್ದ ವೈರ್ ಎಳೆದು, ಅಪ್ಪನ ಹಳೆಯ ಸ್ಟೀರಿಯೊಗೆ ಧ್ವನಿ ಕೊಟ್ಟಿದ್ದೆ. ಅಮ್ಮ ಎರಡು ನಿಮಿಷ ಕೇಳಿ, "ಚಂಡೆಯ ಪೆಟ್ಟು ಮೊದಲು ಬೀಳುತ್ತದೆ, ಹೆಜ್ಜೆ ಆಮೇಲೆ. ಹೀಗೆ ಕುಣಿದರೆ ಭಾಗವತರು ಸುಮ್ಮನಿರುತ್ತಿದ್ದರೇ?" ಎಂದರು. ನಿಜ. ಟಿವಿ ಚಿತ್ರವನ್ನು ತಿದ್ದಿ ತೋರಿಸಲು ಚೂರು ಸಮಯ ತೆಗೆದುಕೊಳ್ಳುತ್ತದೆ, ಧ್ವನಿ ಅಷ್ಟರಲ್ಲಿ ಸ್ಟೀರಿಯೊಗೆ ಮುಟ್ಟಿರುತ್ತದೆ. ವಿಎಲ್‌ಸಿಯಲ್ಲಿ 'ಕೆ' ಒಂದು ಸಲ ಒತ್ತಿದರೆ ಧ್ವನಿ 50 ಮಿಲಿಸೆಕೆಂಡು ತಡವಾಗಿ ಬರುತ್ತದೆ, 'ಜೆ' ಒತ್ತಿದರೆ ಅಷ್ಟೇ ಬೇಗ. ನಾನು ಕೋಣೆಯಲ್ಲಿ ಕೀ ಒತ್ತುವುದು, ಅಮ್ಮ ಜಗುಲಿಯಿಂದ "ಇನ್ನೊಂಚೂರು" ಎನ್ನುವುದು. ಮೂರನೆಯ ಒತ್ತಿಗೆ ಗೆಜ್ಜೆ, ಚಂಡೆ ಎರಡೂ ಒಂದಾದವು. ಮಾತು ಮಾತ್ರ ಇರುವ ವಿಡಿಯೊದಲ್ಲಿ ಈ ವ್ಯತ್ಯಾಸವನ್ನು ಹಿಡಿಯುವುದು ಕಷ್ಟ. ನಿಮ್ಮಲ್ಲೂ ಸಂಶಯವಿದ್ದರೆ ಚಪ್ಪಾಳೆ ಅಥವಾ ತಾಳ ಬಡಿಯುವ ದೃಶ್ಯವನ್ನು ಹಾಕಿ ನೋಡಿ. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಅದನ್ನು ಹಾಕಿದರೂ ಚಿತ್ರದ ವಿಳಂಬ ಕಡಿಮೆಯಾಗುತ್ತದೆ.

ನಿಲ್ಲಿಸಲು, ಮುಂದೆ ಓಡಿಸಲು ವೈರಿಲ್ಲದ ಮೌಸ್ ತಂದೆ. ಗೋಡೆ ಅಡ್ಡವಿದ್ದುದರಿಂದ ಅದು ತಡವರಿಸಿತು. ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರಿನ ತುದಿಗೆ ಅದರ ರಿಸೀವರ್ ಸಿಕ್ಕಿಸಿ ಬಾಗಿಲಾಚೆ ಇಟ್ಟ ಮೇಲೆ ಸರಿಹೋಯಿತು. ಅಮ್ಮನಿಗೆ ಕಲಿಸಿದ್ದು ಒಂದೇ: ವಿಡಿಯೊ ತುಂಬು ಪರದೆಯಲ್ಲಿರುವಾಗ ಕೆಳಗಿನ ಪಟ್ಟಿಯ ಮೊದಲ ಗುಂಡಿ ಒತ್ತಿದರೆ ಆಟ ನಿಲ್ಲುತ್ತದೆ, ಮತ್ತೆ ಒತ್ತಿದರೆ ಹೊರಡುತ್ತದೆ.

ಮೋಡ ಕವಿದಾಗಲೇ, ಗುಡುಗು ಶುರುವಾಗುವ ಮೊದಲೇ ಪ್ಲಗ್ಗುಗಳ ಜೊತೆಗೆ ಎಚ್‌ಡಿಎಂಐ ಕೇಬಲ್ಲನ್ನೂ ಟಿವಿಯಿಂದ ಕಿತ್ತಿಡಿ. ಡಿಶ್ ವೈರಿನಲ್ಲಿ ಬಂದ ಸಿಡಿಲು ಈಗ ಟಿವಿಯೊಳಗೇ ಉಳಿಯುವುದಿಲ್ಲ, ಕಂಪ್ಯೂಟರಿನವರೆಗೂ ದಾರಿಯಾಗಿದೆ. ಕ್ಯಾಸೆಟ್ಟುಗಳ ಇನ್ನೊಂದು ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಹಾಕಿ ಅಕ್ಕನ ಮನೆಯಲ್ಲಿ ಇಟ್ಟಿದ್ದೇನೆ.