ವರ್ಲ್ಡ್‌ಕಾನ್‌ನಲ್ಲಿ ಮಾತಾಡಲು ಹೊರಟ ಕನ್ನಡದ ಲೇಖಕರಿಗೆ

ಹಾರ, ಶಾಲು, ಫಲತಾಂಬೂಲ ಯಾವುದೂ ಇರುವುದಿಲ್ಲ. ಗೌರವಧನವೂ ಇಲ್ಲ. ಗೌರವ ಅತಿಥಿಗಳಂಥ ಕೆಲವರನ್ನು ಬಿಟ್ಟರೆ ವೇದಿಕೆಯ ಮೇಲೆ ಕೂರುವವರೂ ದುಡ್ಡು ಕಟ್ಟಿ ಸದಸ್ಯರಾಗಬೇಕು. 2024ರ ಆಗಸ್ಟ್ 8ರಿಂದ 12ರವರೆಗೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನಡೆದ ವರ್ಲ್ಡ್‌ಕಾನ್‌ಗೆ ನಾನು ಹೊರಟಾಗ ನಮ್ಮಣ್ಣ, "ಮಾತಾಡೋಳೂ ನೀನು, ದುಡ್ಡು ಕೊಡೋಳೂ ನೀನೇನಾ?" ಎಂದು ಕೇಳಿದ್ದ. ಹೌದು, ಹಾಗೇ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಸುಮಾರು 200 ಜನ ಸೇರಿ ಶುರುವಾದ ವಿಜ್ಞಾನ ಕಥಾಪ್ರಿಯರ ಸಮಾವೇಶ ಇದು. ಇವತ್ತಿಗೂ ಬ್ಯಾಡ್ಜ್ ಹಂಚುವವರಿಂದ ಹಿಡಿದು ಅಧ್ಯಕ್ಷರ ತನಕ ಸಂಬಳವಿಲ್ಲದೆ ದುಡಿಯುವ ಅಭಿಮಾನಿಗಳೇ ನಡೆಸುತ್ತಾರೆ. ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಗೆ ವೋಟು ಹಾಕುವವರೂ, ಮುಂದೆ ಯಾವ ಊರಲ್ಲಿ ಸೇರಬೇಕೆಂದು ತೀರ್ಮಾನಿಸುವವರೂ ಸದಸ್ಯರೇ. ಹಾಗಾಗಿ ಮದುವೆ ಮನೆಯಲ್ಲಿ ಬಡಿಸುವವರ ಜೊತೆ ನಿಂತ ಹಾಗೆ ಅಲ್ಲಿ ನಿಲ್ಲಬೇಕು.

ಕೈಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ಡ್ರೀಮ್ ಫೌಂಡ್ರಿ ಸಂಸ್ಥೆಯ 'ಕಾನ್ ಆರ್ ಬಸ್ಟ್' ನಿಧಿ ಬಿಳಿಯರಲ್ಲದ ಲೇಖಕರಿಗೆ, ಅಭಿಮಾನಿಗಳಿಗೆ ನೆರವು ಕೊಡುತ್ತ ಬಂದಿದೆ. ಅಲ್ಲಿ ಕೇಳಿ ನೋಡಿ. ಸಂಕೋಚ ಬೇಡ. ವೀಸಾಕ್ಕೆ ಆಹ್ವಾನ ಪತ್ರ ಬೇಕೆಂದು ಸಂಘಟಕರಿಗೆ ಬೇಗ ಬರೆಯಿರಿ.

ಮಾತಾಡಲು ಇಷ್ಟವಿರುವವರು ಎಷ್ಟೋ ತಿಂಗಳು ಮುಂಚೆಯೇ ಒಂದು ಫಾರ್ಮ್ ತುಂಬಬೇಕು. ಈ ಫಾರ್ಮ್‌ನ ವಿಷಯದಲ್ಲಿ ನಮ್ಮವರು ಸೋಲುವುದನ್ನು ನೋಡಿದ್ದೇನೆ. "ಭಾರತೀಯ ವಿಜ್ಞಾನ ಸಾಹಿತ್ಯ" ಎಂದಷ್ಟೇ ಬರೆದರೆ ನಿಮ್ಮನ್ನು ಎಲ್ಲಿ ಕೂರಿಸಬೇಕೆಂದು ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಸಾಗರದವಳು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ನಮ್ಮಜ್ಜನ ತೋಟ, ಮನೆ ಎರಡೂ ಶರಾವತಿ ಹಿನ್ನೀರಿನ ಅಡಿಗೆ ಹೋದವು. ನನ್ನ ಕಥೆಗಳೆಲ್ಲ ಆ ನೀರಿನ ಸುತ್ತಲೇ. ಅದನ್ನೇ ಬರೆದೆ: ಅಣೆಕಟ್ಟು, ಊರು ಕಳೆದುಕೊಂಡವರು, ಕನ್ನಡದಿಂದ ಇಂಗ್ಲಿಷಿಗೆ ಅನುವಾದ. ಎರಡು ಪ್ಯಾನೆಲ್ (ನಾಲ್ಕೈದು ಜನ ಒಟ್ಟಿಗೆ ಕೂತು ಮಾಡುವ ಚರ್ಚೆ), ಒಂದು ಕಥಾವಾಚನ ಸಿಕ್ಕಿತು.

ಇನ್ನು ಪ್ಯಾನೆಲ್. ಇದನ್ನು ನಿಧಾನವಾಗಿ ಹೇಳಬೇಕು, ಯಾಕೆಂದರೆ ನನ್ನ ಮೊದಲ ಪ್ಯಾನೆಲ್ ಕೈತಪ್ಪಿದ್ದು ತಯಾರಿ ಕಮ್ಮಿಯಾಗಿ ಅಲ್ಲ, ಬೇರೆ ಥರದ ತಯಾರಿ ಮಾಡಿಕೊಂಡು ಹೋಗಿದ್ದಕ್ಕೆ. ನಮ್ಮ ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸುವ ರೂಢಿ. ಒಬ್ಬರು ಇಪ್ಪತ್ತು ನಿಮಿಷ ಓದುತ್ತಾರೆ, ಆಮೇಲೆ ಇನ್ನೊಬ್ಬರು. ನಾನೂ ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ಎರಡನೇ ಪ್ಯಾರಾ ಶುರುಮಾಡುವಷ್ಟರಲ್ಲಿ ಚರ್ಚೆ ನಡೆಸಿಕೊಡುವ ಮಾಡರೇಟರ್ ಮೆಲ್ಲಗೆ, "ಇದಕ್ಕೆ ಮತ್ತೆ ಬರೋಣ" ಎಂದು ಪಕ್ಕದವರ ಕಡೆ ತಿರುಗಿದರು. ಮತ್ತೆ ಬರಲಿಲ್ಲ. ಅಜ್ಜನ ಮನೆಯ ಕಥೆ ಮೂರನೇ ಪುಟದಲ್ಲಿತ್ತು, ಅಲ್ಲೇ ಉಳಿಯಿತು. ರಾತ್ರಿ ತುಂಬ ಹೊತ್ತು ನಿದ್ದೆ ಬರಲಿಲ್ಲ.

ಲೆಕ್ಕ ಹಾಕಿ ನೋಡಿ. ಒಟ್ಟು ಒಂದು ಗಂಟೆ, ಮಾಡರೇಟರ್ ಸೇರಿ ಐದು ಜನ. ಪರಿಚಯಕ್ಕೆ ಐದು ನಿಮಿಷ, ಸಭಿಕರ ಪ್ರಶ್ನೆಗೆ ಹದಿನೈದು. ಉಳಿದ ನಲವತ್ತರಲ್ಲಿ ನಿಮ್ಮ ಪಾಲು ಎಂಟು. ಅದೂ ನಾಲ್ಕೈದು ಸಲ ಹಂಚಿಕೊಂಡು. ಅಂದರೆ ಒಂದು ಸರದಿಗೆ ಒಂದೂವರೆ, ಎರಡು ನಿಮಿಷ. ಅದಕ್ಕೆ ತಕ್ಕ ಹಾಗೆ ಕಟ್ಟಿಕೊಳ್ಳಿ. ಎರಡನೇ ಪ್ಯಾನೆಲ್‌ಗೆ ನಾನು ಒಯ್ದದ್ದು ಪೋಸ್ಟ್ ಕಾರ್ಡ್ ಗಾತ್ರದ ಒಂದು ಚೀಟಿ. ಅದರಲ್ಲಿ ಎರಡೇ ಪದ, ಒಂದು ಪ್ರಶ್ನೆ. 'ಬಚ್ಚಲ ಕಲ್ಲು': ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಜ್ಜ ದೋಣಿಯಲ್ಲಿ ಹೋಗಿ ತಮ್ಮ ಮನೆಯ ಬಚ್ಚಲ ಕಲ್ಲನ್ನು ಮುಟ್ಟಿ ಬರುತ್ತಿದ್ದರು. 'ಮುಳುಗಡೆ': ನಮ್ಮ ಕಡೆ ಇದು ನಡೆದ ಘಟನೆಗೂ ಹೆಸರು, ಆ ಜಾಗಕ್ಕೂ ಹೆಸರು, "ಮುಳುಗಡೆಯವರು" ಎಂದರೆ ಜನಕ್ಕೂ ಹೆಸರು, ಇಂಗ್ಲಿಷಿನಲ್ಲಿ ಈ ಮೂರನ್ನೂ ಹೊರುವ ಒಂದು ಪದ ನನಗೆ ಇನ್ನೂ ಸಿಕ್ಕಿಲ್ಲ. ಆಮೇಲೆ ಪಕ್ಕದವರಿಗೆ ಕೇಳಲು ಒಂದು ಪ್ರಶ್ನೆ. ಇದು ಬಹಳ ಮುಖ್ಯ. ಜೊತೆಯವರನ್ನು ಮಾತಿಗೆ ಎಳೆಯುವವರನ್ನು ಸಭೆ ಮರೆಯುವುದಿಲ್ಲ.

ಮೈಕ್ ಕೊಟ್ಟರೆ ಹಿಡಿದುಕೊಳ್ಳಿ. "ನನ್ನ ಗಂಟಲು ದೊಡ್ಡದು, ಬೇಡ" ಎನ್ನಬೇಡಿ. ಕಿವಿ ಮಂದವಿರುವವರು ಪ್ರತಿ ಕೋಣೆಯಲ್ಲೂ ಇರುತ್ತಾರೆ, ಎಲ್ಲರೆದುರು ಕೈಯೆತ್ತಿ ಕೇಳುವುದು ಅವರಿಗೆ ಕಷ್ಟ. ಉಚ್ಚಾರಣೆಯ ಬಗ್ಗೆ ಅಳುಕು ಬೇಡ. ಅವರಿಗೆ ತೊಡಕಾಗುವುದು ನಮ್ಮ ಉಚ್ಚಾರಣೆಗಿಂತ ಹೆಚ್ಚಾಗಿ ನಮ್ಮ ವೇಗ. ನಿಮ್ಮ ಹೆಸರು ಹೇಗೆ ಹೇಳಬೇಕೆಂದು ಮಾಡರೇಟರ್‌ಗೆ ಮುಂಚೆಯೇ ಮೇಲ್ ಮಾಡಿ.

ಒಂದು ಪ್ರಶ್ನೆ ಬಂದೇ ಬರುತ್ತದೆ: "ನಿಮ್ಮ ಭಾಷೆಯಲ್ಲಿ ವಿಜ್ಞಾನ ಕಥೆ ಬರೆಯುವವರು ಇದ್ದಾರಾ?" ತಡವರಿಸಬೇಡಿ. ನಾವು ಅಲ್ಲಿ ತಡವರಿಸಿದರೆ ಇಲ್ಲ ಎಂದೇ ಅರ್ಥವಾಗುತ್ತದೆ. ರಾಜಶೇಖರ ಭೂಸನೂರಮಠ, ಮನು, ಹೀಗೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದೆ. ಪ್ಯಾನೆಲ್ ಮುಗಿದ ಮೇಲೆ ಬಿಳಿ ಗಡ್ಡದ ಒಬ್ಬರು ನೋಟ್‌ಬುಕ್ ಹಿಡಿದು ಬಂದು, ಭೂಸನೂರಮಠ ಎಂಬ ಹೆಸರನ್ನು ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡರು. ಆ ಹೆಸರು ಅವರ ಪುಸ್ತಕದಲ್ಲಿ ಮೂಡುವುದನ್ನು ನೋಡುತ್ತ ನಿಂತಿದ್ದೆ; ಆ ಪ್ರಯಾಣದಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟದ್ದು ಇನ್ನೊಂದಿಲ್ಲ.

ಕಥಾವಾಚನಕ್ಕೆ ಏಳು ಜನ ಬಂದಿದ್ದರು. ಏಳಾದರೂ ಎಪ್ಪತ್ತಾದರೂ ತಯಾರಿ ಒಂದೇ ಇರಲಿ. ಮೊದಲ ಪ್ಯಾರಾವನ್ನು ಕನ್ನಡದಲ್ಲೇ ಓದಿ. ಒಂದು ನಿಮಿಷ ಸಾಕು, ಆಮೇಲೆ ಇಂಗ್ಲಿಷ್. ಅರ್ಥವಾಗದಿದ್ದರೂ ಅವರು ಆ ಒಂದು ನಿಮಿಷ ಎಷ್ಟು ಗಮನವಿಟ್ಟು ಕೂತಿದ್ದರೆಂದರೆ, ನಾನೇ ನನ್ನ ವಾಕ್ಯಗಳನ್ನು ಹೊಸದಾಗಿ ಕೇಳಿಸಿಕೊಂಡೆ. ಮನೆಯಲ್ಲಿ ಮೊಬೈಲ್ ಟೈಮರ್ ಇಟ್ಟುಕೊಂಡು ನಾಲ್ಕು ಸಲ ಗಟ್ಟಿಯಾಗಿ ಓದಿಕೊಂಡೇ ಹೋಗಿ.

ಸಣ್ಣಪುಟ್ಟವು. ಪುಸ್ತಕದ ಮೂಟೆ ಹೊತ್ತುಕೊಂಡು ಹೋಗಬೇಡಿ, ಹತ್ತು ಪ್ರತಿ ಸಾಕು. ಬ್ಯಾಡ್ಜ್‌ನ ಕೆಳಗೆ ಬಣ್ಣದ ರಿಬ್ಬನ್ ಒಂದಕ್ಕೊಂದು ಅಂಟಿಸಿಕೊಳ್ಳುವುದು ಅಲ್ಲಿನ ಪದ್ಧತಿ. ನಾನು ಚಿಕ್ಕಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ 'ಕಥೆ ಹೇಳು' ಎಂದು ಕನ್ನಡದಲ್ಲಿ ನೂರು ರಿಬ್ಬನ್ ಅಚ್ಚು ಹಾಕಿಸಿಕೊಂಡು ಹೋಗಿದ್ದೆ, ಹಳದಿ ಮೇಲೆ ಕೆಂಪು. ಎರಡೇ ದಿನಕ್ಕೆ ಖಾಲಿ. ಗ್ಲಾಸ್ಗೋದಲ್ಲಿ ಸಮಾವೇಶದ ಜಾಗ ಕ್ಲೈಡ್ ನದಿಯ ದಂಡೆಯಲ್ಲಿತ್ತು. ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದೂ ನಡೆದೂ ಕಾಲು ಸೋಲುತ್ತವೆ, ಹೊಸ ಚಪ್ಪಲಿ ಬೇಡ. ಗ್ಲಾಸ್ಗೋದಂಥ ಊರಾದರೆ ಆಗಸ್ಟ್ ಎಂದು ಸ್ವೆಟರ್ ಬಿಟ್ಟು ಹೋಗಬೇಡಿ. ಹೋಟೆಲ್ ಕೋಣೆಯಲ್ಲಿ ಕೆಟಲ್ ಇದ್ದರೆ ಗೊಜ್ಜವಲಕ್ಕಿ ಪುಡಿ ಬಹಳ ಕೆಲಸಕ್ಕೆ ಬರುತ್ತದೆ.

ಪ್ಯಾನೆಲ್ ಮುಗಿದ ಕೂಡಲೇ ಮೇಜು ಬಿಟ್ಟು ಏಳಿ, ಮುಂದಿನವರು ಕಾಯುತ್ತಿರುತ್ತಾರೆ. ಆದರೆ ಹೊರಟು ಹೋಗಬೇಡಿ. ಬಾಗಿಲ ಹೊರಗೆ ಕಾಲು ಗಂಟೆ ನಿಲ್ಲಿ, ಕೈಯಲ್ಲಿ ಪೆನ್ನು, ನೋಟ್‌ಬುಕ್ ಇರಲಿ. ಕೋಣೆಯೊಳಗೆ ಕೈಯೆತ್ತದವರು ಅಲ್ಲಿ ಬಂದು ಮಾತಾಡಿಸುತ್ತಾರೆ. ನನ್ನ ಬಳಿ ಬಂದದ್ದು ವೇಲ್ಸ್‌ನ ಒಬ್ಬ ವಯಸ್ಸಾದ ಹೆಂಗಸು. ಕಾಪೆಲ್ ಕೆಲಿನ್ ಎಂಬ ವೆಲ್ಷ್ ಭಾಷೆಯ ಹಳ್ಳಿಯನ್ನು 1965ರಲ್ಲಿ ಲಿವರ್‌ಪೂಲ್ ಪಟ್ಟಣದ ನೀರಿಗಾಗಿ ಮುಳುಗಿಸಿದರಂತೆ. ಶಾಲೆ, ಅಂಚೆ ಕಚೇರಿ, ಪ್ರಾರ್ಥನಾ ಮಂದಿರ, ಎಲ್ಲ. ನಮ್ಮ ಲಿಂಗನಮಕ್ಕಿಗೂ ಅದಕ್ಕೂ ಒಂದೇ ವರ್ಷದ ಅಂತರ. ಆ ಕಣಿವೆಯ ಹೆಸರು ಟ್ರಿವೆರಿನ್. "ಟ್ರಿವೆರಿನ್ ನೆನಪಿಡಿ" ಎಂದು ಅಲ್ಲಿ ಗೋಡೆಗಳ ಮೇಲೆ ಬರೆಯುತ್ತಾರಂತೆ. ಅದನ್ನು ನನ್ನ ನೋಟ್‌ಬುಕ್‌ನಲ್ಲಿ ತಮ್ಮ ಭಾಷೆಯಲ್ಲೇ ಬರೆದುಕೊಟ್ಟರು. ಆಮೇಲೆ ತಮ್ಮ ಕಾರ್ಯಕ್ರಮದ ಕೈಪಿಡಿ ಚಾಚಿ, "ನೀವು ಆಗ ಹೇಳಿದ ಆ ಪದ?" ಎಂದರು. 'ಮುಳುಗಡೆ' ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಟ್ಟೆ.