ಮೆಣಸು ಕೊಯ್ಯುವವರ ಬಿಪಿ: ಕೂತಾಗಿನ ಅಂಕಿ ಸಾಲದು

ಕೊಡಗಿನಲ್ಲಿ ಕಾಫಿ ಮುಗಿದ ಮೇಲೆ ಒಳ್ಳೆಮೆಣಸಿನ ಕೊಯ್ಲು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯ ಮೇಲೆ ನಿಲ್ಲುವವರಿಗೆ ಬಿಪಿ ಮಾತ್ರೆ ಬರೆಯುವ ಮುಂಚೆ ನಾನು ಮೂರು ಸಲ ಅಳೆಯುತ್ತೇನೆ. ಬೆಲ್ಲದ ಕಾಫಿ ಕುಡಿದೇ ಬಂದಿದ್ದರೆ ಅರ್ಧ ಗಂಟೆ ಕಾಯಿಸುತ್ತೇನೆ. ಐದು ನಿಮಿಷ ಮಲಗಿಸಿ ಬಿಪಿ ಮತ್ತು ನಾಡಿ; ಎದ್ದು ನಿಂತ ಒಂದನೇ ನಿಮಿಷಕ್ಕೆ ಮತ್ತೆ, ಮೂರನೇ ನಿಮಿಷಕ್ಕೆ ಇನ್ನೊಮ್ಮೆ. ನಿಂತಾಗ ತೋಳನ್ನು ಎದೆಯ ಮಟ್ಟಕ್ಕೆ ಹಿಡಿದಿರಬೇಕು. ಜೋತುಬಿಟ್ಟರೆ ಅಂಕಿ ಹೆಚ್ಚಾಗಿ ಬಂದು ಇಳಿತವೇ ಮುಚ್ಚಿಹೋಗುತ್ತದೆ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಏಣಿ ಬೇಡ.

ಎದ್ದ ಕೂಡಲೇ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಕಾಲು, ಹೊಟ್ಟೆಯತ್ತ ಇಳಿಯುತ್ತದೆ. ಕುತ್ತಿಗೆಯ ಕ್ಯಾರೋಟಿಡ್ ಸೈನಸ್‌ನಲ್ಲೂ ಮಹಾಪಧಮನಿಯ ಕಮಾನಿನಲ್ಲೂ ಇರುವ ನರತುದಿಗಳು ಒತ್ತಡ ತಗ್ಗಿದ್ದನ್ನು ಮಿದುಳಿನ ಬುಡಕ್ಕೆ ಮುಟ್ಟಿಸುತ್ತವೆ. ನಾಡಿ ಏರುತ್ತದೆ, ರಕ್ತನಾಳ ಬಿಗಿಯುತ್ತದೆ. ಇದೇ ರಿಫ್ಲೆಕ್ಸ್. ಮಾತ್ರೆಗಳು ಈ ಏರ್ಪಾಡಿಗೆ ಬೇರೆ ಬೇರೆ ಕಡೆ ಕೈಹಾಕುತ್ತವೆ.

ಪ್ರಜೋಸಿನ್ ನಾಳ ಬಿಗಿಯುವುದನ್ನೇ ತಡೆಯುತ್ತದೆ. ಮೊದಲ ಮಾತ್ರೆ ನುಂಗಿದ 30ರಿಂದ 90 ನಿಮಿಷದೊಳಗೆ ಕಣ್ಣು ಕತ್ತಲಿಟ್ಟು ಬೀಳುವುದುಂಟು. ಹಾಗಾಗಿ 0.5ರಿಂದ 1 ಮಿಲಿಗ್ರಾಂ, ಅದೂ ಮಲಗುವ ಹೊತ್ತಿಗೆ. ರಾತ್ರಿ ಮೂತ್ರಕ್ಕೆ ಏಳುವುದಿದ್ದರೆ ಮೊದಲು ಹಾಸಿಗೆಯಲ್ಲೇ ಸ್ವಲ್ಪ ಕೂರಬೇಕು. ಪ್ರಾಸ್ಟೇಟ್‌ಗೆಂದು ಬೇರೆಯವರು ಟ್ಯಾಮ್ಸುಲೋಸಿನ್ ಬರೆದಿದ್ದಾರಾ ಎಂದು ಕೇಳದೆ ಇದನ್ನು ಕೊಡಲೇಬಾರದು; ಅದೂ ಇದೇ ಗುಂಪಿನ ಮಾತ್ರೆ.

ಬೇಗ ಕರಗುವ ನಿಫೆಡಿಪಿನ್ ಕಥೆ ತಿರುಗಾಮುರುಗಾ. ಒತ್ತಡ ದಢಕ್ಕನೆ ಇಳಿಯುತ್ತದೆ, ದೇಹ ಎದೆಬಡಿತ ಏರಿಸಿ ತಿರುಗೇಟು ಕೊಡುತ್ತದೆ. ಹೃದಯದ ನಾಳ ಕಟ್ಟಿದವರಿಗೆ ಅಷ್ಟೇ ಸಾಕು ಎದೆನೋವು ಬರಲು. ಬಿಪಿ 200 ಕಂಡೊಡನೆ ನಾಲಿಗೆ ಕೆಳಗೆ ಕ್ಯಾಪ್ಸೂಲ್ ಹಿಂಡುವ ಹಳೇ ಅಭ್ಯಾಸ ನನಗೆ ಸುತರಾಂ ಒಪ್ಪಿಗೆಯಿಲ್ಲ. ಅಮ್ಲೋಡಿಪಿನ್‌ನಲ್ಲಿ ಈ ಕಾಟ ಕಡಿಮೆ. ಅದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಬೇಕಾದ ಹೊತ್ತು, 30ರಿಂದ 50 ಗಂಟೆ, ಇಳಿತ ನಿಧಾನ.

ನಿಂತಾಗಿನ ನಾಡಿಯನ್ನು ಹಲವರು ಬರೆದಿಡುವುದೇ ಇಲ್ಲ. ಅರ್ಧ ಉತ್ತರ ಅಲ್ಲಿರುತ್ತದೆ! ಮೇಲಿನ ಅಂಕಿ 30 ಇಳಿದು ನಾಡಿ 25 ಏರಿದರೆ ರಿಫ್ಲೆಕ್ಸ್ ಗಟ್ಟಿಯಾಗಿದೆ, ನೀರು ಸಾಲದು: ಭೇದಿ, ಬಿಸಿಲ ಬೆವರು, ಇಲ್ಲವೇ ಮೂತ್ರ ಹೆಚ್ಚಿಸುವ ಮಾತ್ರೆ ಜಾಸ್ತಿಯಾಗಿದೆ. ಅಷ್ಟೇ ಇಳಿದು ನಾಡಿ 15ಕ್ಕಿಂತ ಕಡಿಮೆ ಏರಿದರೆ ನರಗಳ ದೋಷ, ಮುಖ್ಯವಾಗಿ ಹಳೇ ಸಕ್ಕರೆ ಕಾಯಿಲೆ, ನೆನಪಾಗಬೇಕು. ಆದರೆ ಅಟೆನೊಲಾಲ್ ತೆಗೆದುಕೊಳ್ಳುವವರಲ್ಲಿ ಈ ಲೆಕ್ಕ ನಡೆಯದು. ನಾಡಿ ಏರದಂತೆ ಹಿಡಿದಿರುವುದು ಮಾತ್ರೆಯೇ. ಸಂತೆಗೆ ಹೋಗುವ ಮೊದಲೇ ಮಾತ್ರೆ ಮುಗಿಯಿತು ಎಂದು ಅದನ್ನು ಒಮ್ಮೆಲೇ ಬಿಟ್ಟರೆ ಬಡಿತವೂ ಒತ್ತಡವೂ ಪುಟಿದೇಳುತ್ತವೆ. ನಿಲ್ಲಿಸಲೇಬೇಕಾದರೆ ಒಂದೆರಡು ವಾರ ಹಿಡಿದು ಇಳಿಸುತ್ತೇನೆ.

ವರ್ಷಗಟ್ಟಲೆ 180 ಇದ್ದವರ ರಿಫ್ಲೆಕ್ಸ್ ಆ ಎತ್ತರಕ್ಕೇ ಒಗ್ಗಿರುತ್ತದೆ. ಅವರನ್ನು ವಾರದಲ್ಲಿ 130ಕ್ಕೆ ತಂದರೆ, “ಡಾಕ್ಟ್ರೇ, ಮಾತ್ರೆ ಶುರು ಮಾಡಿದ್ಮೇಲೇ ತಲೆ ತಿರುಗ್ತದೆ” ಎನ್ನುತ್ತಾರೆ. ಸುಳ್ಳಲ್ಲ. ತುರ್ತು ಇಲ್ಲದಿದ್ದರೆ ಎರಡರಿಂದ ನಾಲ್ಕು ವಾರಕ್ಕೊಂದು ಬದಲಾವಣೆ ಸಾಕು, ಪ್ರತಿ ಬದಲಾವಣೆಯ ನಂತರ ಅವರನ್ನು ಮತ್ತೆ ಎದ್ದು ನಿಲ್ಲಿಸಿ ಬಿಪಿ ಅಳೆಯುವುದು.